ಸ್ತನ ಕ್ಯಾನ್ಸರ್‌ಗೆಂದು ಮಾಡಿಸಿದ ಸ್ಕ್ಯಾನ್‌ನಲ್ಲಿ ಸೊಂಟದ ಗಾಯ ಕಂಡಿದೆ, ಈಗೇನು ಮಾಡಲಿ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 63 ವರ್ಷ. ನಾಲ್ಕು ವರ್ಷದ ಹಿಂದೆ ಬಲಗಡೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಎರಡು ತಿಂಗಳಿಂದ ಬೆನ್ನುನೋವು ಅಂದಿದ್ದಕ್ಕೆ ಬೆಂಗಳೂರಿನಲ್ಲಿ ಪೆಟ್-ಸಿಟಿ ಸ್ಕ್ಯಾನ್ ಮಾಡಿಸಿದೆವು. ಹಳೇ ಕಾಯಿಲೆ ಎಲ್ಲೂ ಕಾಣುತ್ತಿಲ್ಲ ಎಂದು ಬಂತು. ಆದರೆ ಎಡಗಡೆ ಸೊಂಟದ ಚರ್ಮದಲ್ಲಿ 1.8 ಸೆಂ.ಮೀ. ದಪ್ಪನೆಯ ಜಾಗವಿದೆ, ಎಸ್‌ಯುವಿ ಮ್ಯಾಕ್ಸ್ 7.2, ಕ್ಲಿನಿಕಲ್ ಕೋರಿಲೇಶನ್ ಮತ್ತು ಬಯಾಪ್ಸಿ ಮಾಡಿಸಿ ಎಂದು ಬರೆದಿದ್ದಾರೆ. ಮನೆಗೆ ಬಂದು ಕೇಳಿದರೆ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಒಂದು ವರ್ಷದ ಮೇಲಿಂದ ಮಾಯದ ಗಾಯ ಇದೆಯಂತೆ. ಯಾರಿಗೂ ಹೇಳಿರಲಿಲ್ಲ. ಹಳೇ ಕ್ಯಾನ್ಸರೇ ಹರಡಿದೆಯಾ? ಕತ್ತರಿಸಿದರೆ ಕೆರಳುತ್ತದೆ, ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸೋಣ ಅಂತ ಸೋದರಮಾವ ಹೇಳುತ್ತಾರೆ. ನಮ್ಮೂರಿನ ಫ್ಲೋರೈಡ್ ನೀರಿಂದ ಹೀಗಾಯಿತಾ? ಸ್ಕ್ಯಾನ್ ಆದ ದಿನ ಸಂಜೆ ಅಮ್ಮ ನನ್ನ ಎರಡು ವರ್ಷದ ಮಗನನ್ನು ಎತ್ತಿಕೊಂಡಿದ್ದರು. ಅದಕ್ಕೂ ಭಯ ಆಗಿದೆ.

ಉತ್ತರ: ಮೊದಲು ನಿಮ್ಮ ಸೋದರಮಾವನವರ ಮಾತಿಗೆ ಉತ್ತರ ಹೇಳುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಿಕೊಳ್ಳಬಹುದು, ಇದಕ್ಕೆ ಮಾತ್ರ ತಡ ಮಾಡುವ ಹಾಗಿಲ್ಲ. ಮೂರು ತಿಂಗಳು ಕಾಯಬೇಡಿ. ಇನ್ನೊಂದು ಪೆಟ್ ಸ್ಕ್ಯಾನ್ ಈಗ ಬೇಡ. ಈ ವಾರದಲ್ಲೇ ಅಮ್ಮನನ್ನು ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಗಾಯ ತೋರಿಸಿ. ಅದರ ಅಂಚಿನಿಂದ ಒಂದು ಸಣ್ಣ ತುಣುಕು ತೆಗೆಸಿ ಪರೀಕ್ಷೆಗೆ ಕಳಿಸಿ. ಬಯಾಪ್ಸಿ ಅಂದರೆ ಇದೇ. ಸ್ಕ್ಯಾನ್ ಎಷ್ಟು ಸಲ ಮಾಡಿದರೂ ಅಲ್ಲಿ ಏನೋ ಹೊಳೆಯುತ್ತಿದೆ ಎಂದಷ್ಟೇ ಹೇಳುತ್ತದೆ. ಅದು ಏನು ಅಂತ ತಿಳಿಯುವುದು ಆ ತುಣುಕನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದಾಗಲೇ.

ನಾನು ನ್ಯೂಕ್ಲಿಯರ್ ಮೆಡಿಸಿನ್ ವೈದ್ಯೆ. ಇಂಥ ಸ್ಕ್ಯಾನ್‌ಗಳನ್ನು ಓದುವುದೇ ನನ್ನ ದಿನದ ಕೆಲಸ. ಒಂದನ್ನು ಹುಡುಕಲು ಹೋದಾಗ ಇನ್ನೊಂದು ಸಿಗುವುದು ನಮಗೆ ಹೊಸದಲ್ಲ. ಥೈರಾಯ್ಡ್‌ನಲ್ಲಿ, ದೊಡ್ಡ ಕರುಳಿನಲ್ಲಿ ಹೀಗೆ ಸಿಗುವುದು ಜಾಸ್ತಿ, ಚರ್ಮದಲ್ಲಿ ಕಡಿಮೆ. ಆದರೆ ಚರ್ಮದ್ದು ಸಿಕ್ಕಾಗ ನನಗೆ ಬೇರೆ ಥರದ ಸಂಕಟ ಆಗುತ್ತದೆ. ಅದು ಹೊರಗೇ ಇತ್ತಲ್ಲ, ಯಾರಾದರೂ ಒಂದು ಸಲ ಬಟ್ಟೆ ಸರಿಸಿ ನೋಡಿದ್ದರೆ ಸಾಕಿತ್ತಲ್ಲ ಅನ್ನಿಸುತ್ತದೆ.

ನಿಮ್ಮ ಅಮ್ಮನಿಗೆ ಅವತ್ತು ಕೊಟ್ಟ ಇಂಜೆಕ್ಷನ್ ಒಂದು ಬಗೆಯ ಸಕ್ಕರೆ. ಎಫ್‌ಡಿಜಿ ಅನ್ನುತ್ತೇವೆ. ಗ್ಲೂಕೋಸ್‌ಗೆ ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಅಂಟಿಸಿ ಮಾಡಿದ್ದು. ಜೀವಕೋಶಗಳು ಅದನ್ನು ಸಕ್ಕರೆ ಅಂತಲೇ ಒಳಗೆ ಎಳೆದುಕೊಳ್ಳುತ್ತವೆ. ಆದರೆ ಪೂರ್ತಿ ಅರಗಿಸಿಕೊಳ್ಳಲು ಆಗುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. ಯಾವ ಕೋಶಕ್ಕೆ ಹಸಿವು ಜಾಸ್ತಿಯೋ ಅಲ್ಲಿ ಜಾಸ್ತಿ ಸೇರುತ್ತದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಬಾಚಿಕೊಳ್ಳುತ್ತವೆ ಎಂದು ಜರ್ಮನಿಯ ಓಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಮನುಷ್ಯರಿಗೆ ಮೊದಲ ಸಲ ಈ ಇಂಜೆಕ್ಷನ್ ಕೊಟ್ಟಿದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಖಾಲಿ ಹೊಟ್ಟೆಯಲ್ಲಿ ಬನ್ನಿ, ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಮಾತಾಡದೆ ಮಲಗಿರಿ ಎಂದು ಹೇಳಿರುತ್ತಾರಲ್ಲ, ಅದೂ ಇದಕ್ಕೇ. ಓಡಾಡಿದರೆ ಸಕ್ಕರೆ ಮಾಂಸಖಂಡಕ್ಕೆ ಹೋಗಿಬಿಡುತ್ತದೆ.

ಆದರೆ ಹಸಿವಿರುವುದು ಕ್ಯಾನ್ಸರ್‌ಗೆ ಮಾತ್ರವಲ್ಲ. ಕೀವು ತುಂಬಿದ ಗುಳ್ಳೆಯಲ್ಲಿ, ಮಾಯುತ್ತಿರುವ ಗಾಯದಲ್ಲಿ, ಕ್ಷಯದ ಗಂಟಿನಲ್ಲಿ ಸೇರಿಕೊಂಡ ಬಿಳಿ ರಕ್ತಕಣಗಳೂ ಇದೇ ಸಕ್ಕರೆಯನ್ನು ತಿನ್ನುತ್ತವೆ. ಊರಾಚೆ ಹೊಗೆ ಕಂಡರೆ ಯಾರೋ ಒಲೆ ಹಚ್ಚಿದ್ದಾರೋ, ಬಣವೆಗೆ ಬೆಂಕಿ ಬಿದ್ದಿದೆಯೋ ಹೋಗಿಯೇ ನೋಡಬೇಕು, ಅಲ್ವಾ? ವರದಿಯಲ್ಲಿ ಕ್ಲಿನಿಕಲ್ ಕೋರಿಲೇಶನ್ ಎಂದು ಬರೆದಿರುವುದರ ಅರ್ಥ ಇಷ್ಟೇ: ಆ ಜಾಗವನ್ನು ಒಬ್ಬ ವೈದ್ಯರು ಕಣ್ಣಿಂದ ನೋಡಬೇಕು, ಬೆರಳಿಂದ ಮುಟ್ಟಬೇಕು, ಎಷ್ಟು ದಿನದಿಂದ ಇದೆ ಎಂದು ಕೇಳಬೇಕು. ನಾವು ಈ ಮಾತನ್ನು ಎಲ್ಲ ವರದಿಯಲ್ಲೂ ಬರೆದು ಬರೆದು ಜನ ಅದನ್ನು ಓದುವುದನ್ನೇ ಬಿಟ್ಟಿದ್ದಾರೆ. ಅದು ನಮ್ಮ ತಪ್ಪು.

7.2 ಅನ್ನುವ ಸಂಖ್ಯೆ ನೋಡಿ ಹೆದರಬೇಡಿ. ಅದು ಕ್ಯಾನ್ಸರಿನ ಹಂತವಲ್ಲ. ಕೊಟ್ಟ ಔಷಧಿ ಮೈಯೆಲ್ಲ ಸಮನಾಗಿ ಹಂಚಿಹೋಗಿದ್ದರೆ ಎಷ್ಟು ಇರಬೇಕಿತ್ತೋ, ಆ ಜಾಗದಲ್ಲಿ ಅದರ ಏಳು ಪಟ್ಟು ಸೇರಿದೆ ಅಂತ ಅರ್ಥ. ರಕ್ತದಲ್ಲಿ ಸಕ್ಕರೆ ಎಷ್ಟಿತ್ತು, ಇಂಜೆಕ್ಷನ್ ಆಗಿ ಎಷ್ಟು ಹೊತ್ತಿಗೆ ಸ್ಕ್ಯಾನ್ ಮಾಡಿದರು, ಯಾವ ಮಷೀನು, ಇದರ ಮೇಲೆಲ್ಲ ಅದು ಏರುಪೇರಾಗುತ್ತದೆ. ಇಷ್ಟಕ್ಕಿಂತ ಮೇಲಿದ್ದರೆ ಕ್ಯಾನ್ಸರ್, ಕೆಳಗಿದ್ದರೆ ಅಲ್ಲ ಅನ್ನುವ ಗೆರೆ ಇಲ್ಲ. ಕೀವುಗುಳ್ಳೆಯೂ 7 ತೋರಿಸಬಹುದು. ಹಾಗೆಯೇ ಬೇಸಲ್ ಸೆಲ್ ಅನ್ನುವ ಚರ್ಮದ ಕ್ಯಾನ್ಸರ್ ಎಷ್ಟೋ ಸಲ ಹೊಳೆಯುವುದೇ ಇಲ್ಲ.

ಹಾಗಾದರೆ ಇಷ್ಟು ಒತ್ತಾಯ ಮಾಡಿ ಬಯಾಪ್ಸಿ ಅಂತ ಯಾಕೆ ಹೇಳುತ್ತಿದ್ದೇನೆ? ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಎಸ್‌ಯುವಿ ಮೇಲಲ್ಲ, ಲಂಗದ ಲಾಡಿ ಅನ್ನುವ ಮಾತಿನ ಮೇಲೆ.

ಇನ್ಸುಲಿನ್ ಚುಚ್ಚುವ ಜಾಗವೂ ಪೆಟ್‌ನಲ್ಲಿ ಹೊಳೆಯುವುದುಂಟು. ಇನ್ಸುಲಿನ್ ಅಂತ ಓದಿದ ಕೂಡಲೇ ನನಗೆ ಹೊಳೆದದ್ದೂ ಅದೇ. ಆದರೆ ಹೊಟ್ಟೆಗೆ ಚುಚ್ಚುವವರು ಸಾಮಾನ್ಯವಾಗಿ ಹೊಕ್ಕುಳಿನ ಅಕ್ಕಪಕ್ಕ ಚುಚ್ಚುತ್ತಾರೆ, ಸೊಂಟದ ಮಗ್ಗುಲಲ್ಲಿ ಅಲ್ಲ. ಅಲ್ಲಿ ಹೀಗೆ ವರ್ಷಗಟ್ಟಲೆ ಉಳಿಯುವ ಗಾಯವೂ ಆಗುವುದಿಲ್ಲ. ಅಮ್ಮನನ್ನು ಒಂದು ಸಲ ಕೇಳಿ ನೋಡಿ. ಅಲ್ಲ ಅಂದರೆ, ಉಳಿಯುವುದು ನಮ್ಮ ಹೆಣ್ಣುಮಕ್ಕಳ ಸೊಂಟದ ಆ ಕಪ್ಪು ಪಟ್ಟಿಯ ಕಥೆ.

ನಮ್ಮ ಅಜ್ಜಿಯ ಸೊಂಟದಲ್ಲೂ ಆ ಪಟ್ಟಿ ಇತ್ತು. ಚಿಕ್ಕವಳಿದ್ದಾಗ ಅದೂ ಅವರ ಮೈಬಣ್ಣ ಅಂದುಕೊಂಡಿದ್ದೆ. ಹದಿಮೂರು ಹದಿನಾಲ್ಕು ವಯಸ್ಸಿನಿಂದ ದಿನಾ ಅದೇ ಜಾಗದಲ್ಲಿ ದಾರ ಬಿಗಿದು ಗಂಟು ಹಾಕುತ್ತಾರೆ. ಸೀರೆ ಜಾರಬಾರದು, ಹೊಲದಲ್ಲಿ ಬಗ್ಗಬೇಕು, ಕಡ್ಲೆಕಾಯಿ ಕೀಳಬೇಕು, ನೀರು ಹೊರಬೇಕು. ಅದಕ್ಕೇ ಇನ್ನೂ ಬಿಗಿ. ಅದರ ಮೇಲೆ ಎಲೆ ಅಡಿಕೆ ಸಂಚಿ, ಬೀಗದ ಕೈ, ಚಿಲ್ಲರೆ ದುಡ್ಡಿನ ಗಂಟು ಎಲ್ಲ ಅಲ್ಲಿಗೇ. ಬೆವರು ಒಣಗುವುದಿಲ್ಲ. ಮೊದಲು ತುರಿಕೆ, ಆಮೇಲೆ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ, ಹೊಟ್ಟು ಏಳುತ್ತದೆ. ಬಹಳಷ್ಟು ಜನರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ತೀರಾ ಕೆಲವರಲ್ಲಿ ಮಾತ್ರ ಚರ್ಮ ಒಡೆದು ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಒಡೆಯುತ್ತದೆ. ಹತ್ತಾರು ವರ್ಷ ಹೀಗೆ ಕೆರೆದು ಮಾಯುವ ಜಾಗದಲ್ಲಿ ಒಂದು ದಿನ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಅನ್ನುವ ಚರ್ಮದ ಕ್ಯಾನ್ಸರ್ ಹುಟ್ಟಬಹುದು.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. ಪಂಚೆ ಬಿಗಿದು ಉಡುವ ಗಂಡಸರ ಸೊಂಟದಲ್ಲಿ ಬರುವ ಧೋತಿ ಕ್ಯಾನ್ಸರ್ ಬಗ್ಗೆ ಮುಂಬೈನ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್ 1945ರಲ್ಲೇ ಬರೆದಿದ್ದರು. ಮುಂದೆ ಹೆಂಗಸರಲ್ಲಿ ಕಂಡಿದ್ದಕ್ಕೆ ಸೀರೆ ಕ್ಯಾನ್ಸರ್ ಅಂತ ಹೆಸರು ಬಂತು. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ವೈದ್ಯರು ಇಂಥ ಇಬ್ಬರು ಹಿರಿಯ ಹೆಂಗಸರ ವಿಷಯ ಪ್ರಕಟಿಸಿದರು. ಒಬ್ಬರಿಗೆ ಅದು ಆಗಲೇ ಲಿಂಫ್ ಗ್ರಂಥಿಗೆ, ಅಂದರೆ ಕಂಕುಳು, ತೊಡೆಸಂದಿನಂಥ ಕಡೆ ಇರುವ ಸಣ್ಣ ಗಂಟುಗಳಿಗೆ, ಹೋಗಿತ್ತು. ತಪ್ಪು ಸೀರೆಯದ್ದಲ್ಲ, ಒಳಗಿನ ಲಂಗದ ದಾರದ್ದು ಎಂದು ಆ ವೈದ್ಯರು ಹೇಳಿದ್ದು ನನಗೂ ಸರಿ ಅನ್ನಿಸುತ್ತದೆ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ರಿ ಅನ್ನುವ ಕೆಂಡದ ಮಡಕೆಯನ್ನು ಬಟ್ಟೆಯೊಳಗೆ ಇಟ್ಟುಕೊಳ್ಳುವವರ ಹೊಟ್ಟೆ, ತೊಡೆಯಲ್ಲೂ ಇದೇ ಜಾತಿಯ ಕ್ಯಾನ್ಸರ್ ಬರುತ್ತದೆ. ಹಳೇ ಸುಟ್ಟ ಗಾಯದ ಕಲೆಯಲ್ಲೂ ಬರುತ್ತದೆ. ಬಿಳಿಯರಲ್ಲಿ ಚರ್ಮದ ಕ್ಯಾನ್ಸರ್ ಅಂದರೆ ಬಿಸಿಲು. ನಮ್ಮಲ್ಲಿ ಬಿಸಿಲು ಕಾಣದ ಜಾಗದಲ್ಲೂ ಬರುತ್ತದೆ. ಅದಕ್ಕೇ ನಮ್ಮ ಕಪ್ಪು ಮೈಗೆ ಇದೆಲ್ಲ ಬರಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ.

ಹಾಗಂತ ನಿಮ್ಮ ಅಮ್ಮನಿಗೆ ಇದೇ ಇದೆ ಎಂದು ಇಲ್ಲಿ ಕೂತು ನಾನು ಹೇಳಲಾರೆ. ಮೂರು ನಾಲ್ಕು ಸಾಧ್ಯತೆ ಇವೆ. ಸಕ್ಕರೆ ಕಾಯಿಲೆಯಿಂದಾಗಿ ಮಾಯದೆ ಉಳಿದ ಮಾಮೂಲಿ ಹುಣ್ಣು ಇರಬಹುದು. ಚರ್ಮದ ಕ್ಷಯ ಇರಬಹುದು. ಘರ್ಷಣೆಯ ಜಾಗದಲ್ಲಿ ಹುಟ್ಟಿದ ಹೊಸ ಕ್ಯಾನ್ಸರ್ ಇರಬಹುದು. ನೀವು ಹೆದರಿದ ಹಾಗೆ ಸ್ತನದ ಹಳೇ ಕಾಯಿಲೆಯ ತುಣುಕೂ ಇರಬಹುದು, ಆದರೆ ನನ್ನ ಅಂದಾಜಿನಲ್ಲಿ ಅದು ಕೊನೆಯ ಸಾಲಿನದು. ಸ್ತನ ಕ್ಯಾನ್ಸರ್ ಚರ್ಮಕ್ಕೆ ಬರುವುದುಂಟು. ಬಂದರೆ ಹೆಚ್ಚಾಗಿ ಎದೆಯ ಮೇಲೆ, ಆಪರೇಷನ್ ಗೆರೆಯ ಅಕ್ಕಪಕ್ಕ ಗಂಟುಗಂಟಾಗಿ ಬರುತ್ತದೆ. ಬೇರೆಲ್ಲೂ ಏನೂ ಇಲ್ಲದೆ, ಇನ್ನೊಂದು ಮಗ್ಗುಲಿನ ಸೊಂಟದಲ್ಲಿ, ಲಾಡಿ ಉಜ್ಜುವ ಜಾಗದಲ್ಲೇ ಒಂದೇ ಒಂದು ಬಂದು ಕೂರುವುದು ಅಪರೂಪ. ಈ ಎರಡರ ಚಿಕಿತ್ಸೆ ಪೂರ್ತಿ ಬೇರೆ ಬೇರೆ. ಒಂದಕ್ಕೆ ಮತ್ತೆ ಮೈಗೆಲ್ಲ ಔಷಧಿ ಬೇಕಾಗಬಹುದು. ಇನ್ನೊಂದನ್ನು ಕತ್ತರಿಸಿ ತೆಗೆದು ಮುಗಿಸಬಹುದು. ಸ್ಕ್ಯಾನ್ ನೋಡಿ ಊಹೆ ಮಾಡಿ ಹೊರಡುವ ವಿಷಯವೇ ಅಲ್ಲ ಇದು.

ಈಗ ಬಯಾಪ್ಸಿ. ಕತ್ತಿ ಮುಟ್ಟಿಸಿದರೆ ಕೆರಳುತ್ತದೆ ಅನ್ನುವ ಮಾತು ನಮ್ಮ ಊರುಗಳಲ್ಲಿ ಬಹಳ ಹಳೆಯದು. ಅದು ಯಾಕೆ ಹುಟ್ಟಿತು ಅಂತಲೂ ನನಗೆ ಗೊತ್ತು. ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಬಂದು, ಬಯಾಪ್ಸಿ ಆಗಿ, ಆಮೇಲೆ ಕೆಲವೇ ತಿಂಗಳಲ್ಲಿ ತೀರಿಕೊಂಡವರನ್ನು ಜನ ನೋಡಿದ್ದಾರೆ. ಹಿಂದೆ ಆಗಿದ್ದು ಬಯಾಪ್ಸಿ, ಹಾಗಾಗಿ ತಪ್ಪು ಅದರದ್ದೇ ಅನ್ನಿಸಿದೆ. ನಿಮ್ಮ ಸೋದರಮಾವ ಅಕ್ಕನ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳುತ್ತಿದ್ದಾರೆ. ಅವರಿಗೆ ಹೀಗೆ ಹೇಳಿ: ಚರ್ಮದಿಂದ ಒಂದು ತುಣುಕು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ಅದನ್ನು ವರ್ಷಗಟ್ಟಲೆ ಹಾಗೇ ಬಿಟ್ಟಾಗ.

ಕೆಲಸವೂ ಚಿಕ್ಕದು. ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಆ ಚುಚ್ಚುವಿಕೆಯಷ್ಟೇ ನೋವು. ಆಮೇಲೆ 4 ಮಿ.ಮೀ. ಅಗಲದ ದುಂಡನೆಯ ಬ್ಲೇಡಿನಿಂದ ಒಂದು ತುಣುಕು ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಪಂಚ್ ಬಯಾಪ್ಸಿ ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಎದ್ದು ಮನೆಗೆ ಬರಬಹುದು. ಇದಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ, ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗವಿದೆ, ಅಲ್ಲೇ ಕೇಳಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಒಂದು ವಿಷಯ ದಯವಿಟ್ಟು ಮರೆಯಬೇಡಿ. ತುಣುಕಿನ ಜೊತೆ ಹೋಗುವ ಚೀಟಿಯಲ್ಲಿ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು ಅಂತ ಬರೆಸಿ. ಹಳೇ ಆಪರೇಷನ್ನಿನ ಪೆಥಾಲಜಿ ವರದಿಯನ್ನೂ ಕೊಡಿ. ಸಾಧ್ಯವಾದರೆ ಆಗ ತೆಗೆದ ತುಣುಕುಗಳನ್ನು ಕಾಪಿಟ್ಟ ಮೇಣದ ಬ್ಲಾಕ್‌ಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಪೆಥಾಲಜಿಯವರಿಗೆ ಇದು ಗೊತ್ತಿದ್ದರೆ ಇಮ್ಯುನೋ ಪರೀಕ್ಷೆ ಅನ್ನುವ ವಿಶೇಷ ಬಣ್ಣಗಳನ್ನು ಹಾಕಿ, ಕೋಶಗಳು ಸ್ತನದ್ದೋ ಚರ್ಮದ್ದೋ ಎಂದು ಬಿಡಿಸಿ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಆ ದಾರಿಗೇ ಹೋಗದೆ ಇರಬಹುದು.

ಇನ್ನೊಂದು. ಮೊದಲ ಬಯಾಪ್ಸಿಯಲ್ಲಿ ಬರೀ ಉರಿಯೂತ, ಕ್ಯಾನ್ಸರ್ ಇಲ್ಲ ಎಂದು ಬಂತು ಅಂದುಕೊಳ್ಳಿ. ಖುಷಿಯಾಗುತ್ತದೆ. ಆದರೂ ನಾಲ್ಕಾರು ವಾರದಲ್ಲಿ ಗಾಯ ಮಾಯದಿದ್ದರೆ ಇನ್ನೊಂದು ತುಣುಕು ಬೇಕು, ಇನ್ನಷ್ಟು ಆಳದಿಂದ. ಹಳೇ ಹುಣ್ಣಿನ ನಡುವೆ ಬರೀ ಸತ್ತ ಚರ್ಮ ಇರುತ್ತದೆ, ಅಲ್ಲಿಂದ ತೆಗೆದರೆ ಏನೂ ಸಿಗುವುದಿಲ್ಲ. ಅಂಚಿನಲ್ಲಿ, ದಪ್ಪಗೆ ಎದ್ದಿರುವ ಕಡೆ ತೆಗೆಯಬೇಕು.

ಇದನ್ನು ಇಷ್ಟು ಹೇಳಲು ಕಾರಣವಿದೆ. ಹತ್ತು ವರ್ಷಕ್ಕೂ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಕೋಲಾರ ಕಡೆಯ ಒಬ್ಬ ಹಿರಿಯರು ಶ್ವಾಸಕೋಶದ ಗಂಟಿಗೆ ಪೆಟ್ ಸ್ಕ್ಯಾನ್ ಮಾಡಿಸಲು ಬಂದಿದ್ದರು. ಅವರ ಪೃಷ್ಠದ ಚರ್ಮದಲ್ಲಿ ಒಂದು ಚುಕ್ಕೆ ಹೊಳೆಯುತ್ತಿತ್ತು. ಈ ಔಷಧಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಬಟ್ಟೆಗೋ ಚರ್ಮಕ್ಕೋ ಎರಡು ಹನಿ ಬಿದ್ದರೂ ಸ್ಕ್ಯಾನ್‌ನಲ್ಲಿ ಚುಕ್ಕೆ ಮೂಡುತ್ತದೆ. ಇದೂ ಅದೇ ಎಂದು ನಾನು ಬರೆದುಬಿಟ್ಟೆ. ನೀರಲ್ಲಿ ಒರೆಸಿ, ಬಟ್ಟೆ ಬದಲಿಸಿ, ಆ ಭಾಗವನ್ನಷ್ಟೇ ಇನ್ನೊಂದು ಸಲ ತೆಗೆದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಎದ್ದು ಹೋಗಿ ನೋಡಿದ್ದರೆ ಇನ್ನೂ ಬೇಗ. ಅವತ್ತು ಹೊರಗೆ ತುಂಬ ಜನ ಕಾಯುತ್ತಿದ್ದರು. ಏಳು ತಿಂಗಳ ನಂತರ ಅವರು ಮತ್ತೆ ಬಂದಾಗ ಅಲ್ಲಿ ಅಂಗೈಯಗಲದ ಹುಣ್ಣಾಗಿತ್ತು. ಶ್ವಾಸಕೋಶದ್ದು ಕ್ಯಾನ್ಸರ್ ಆಗಿರಲೇ ಇಲ್ಲ, ಚರ್ಮದ್ದು ಆಗಿತ್ತು. ತೊಡೆಸಂದಿನ ಗ್ರಂಥಿಗಳನ್ನೂ ತೆಗೆಯಬೇಕಾಯಿತು. ಅವರ ಮಗನಿಗೆ ನಾನೇ ಕೂರಿಸಿ ಹೇಳಿದೆ, ಮೊದಲ ಸ್ಕ್ಯಾನ್‌ನಲ್ಲೇ ಇದು ಕಂಡಿತ್ತು, ನಾನು ತಪ್ಪಾಗಿ ಓದಿದೆ ಅಂತ. ಆ ಹುಡುಗ ಏನೂ ಬೈಯಲಿಲ್ಲ. ಈಗ ಆಗಿದ್ದು ಆಗಲಿ, ಮುಂದೇನು ಹೇಳಿ ಮೇಡಂ ಅಂದ.

ಅಲ್ಲಿಂದ ಈಚೆಗೆ ಚರ್ಮದಲ್ಲಿ ಏನೇ ಹೊಳೆದರೂ, ರೋಗಿ ಮನೆಗೆ ಹೊರಡುವ ಮೊದಲು ನಾನೋ ನಮ್ಮ ಸಿಸ್ಟರೋ ಹೋಗಿ ನೋಡುತ್ತೇವೆ. ನಿಮ್ಮ ಅಮ್ಮನ ಸ್ಕ್ಯಾನ್ ದಿನವೂ ಯಾರಾದರೂ ನೋಡಿದ್ದರೆ ಚೆನ್ನಾಗಿತ್ತು. ಆದರೆ ವರದಿ ಬರೆದವರು ಅದನ್ನು ಬಿಟ್ಟುಹಾಕಿಲ್ಲ, ಸರಿಯಾಗಿ ಬರೆದಿದ್ದಾರೆ. ಅದರಿಂದ ನಿಮಗೆ ಉಪಕಾರವೇ ಆಗಿದೆ.

ಚರ್ಮದ ಕ್ಯಾನ್ಸರ್ ಅಂತಲೇ ಬಂದರೆ? ಚಿಕ್ಕದಿರುವಾಗ ಪೂರ್ತಿ ತೆಗೆದರೆ ಬಹಳಷ್ಟು ಜನ ಗುಣವಾಗುತ್ತಾರೆ. ನಿಮ್ಮ ಅಮ್ಮನದು ಎರಡು ಸೆಂಟಿಮೀಟರಿನ ಒಳಗೇ ಇದೆ, ಇದು ಒಳ್ಳೆಯ ಸುದ್ದಿ. ಆದರೆ ಹಳೇ ಹುಣ್ಣಿನಲ್ಲಿ, ಕಲೆಯಲ್ಲಿ ಹುಟ್ಟುವ ಈ ಕ್ಯಾನ್ಸರ್ ಬಿಸಿಲಿಂದ ಬರುವುದಕ್ಕಿಂತ ಸ್ವಲ್ಪ ಹಠಮಾರಿ. ಗ್ರಂಥಿಗಳಿಗೆ ಹೋಗುವ ಸಾಧ್ಯತೆ ಅದಕ್ಕೆ ಹೆಚ್ಚು. ಅದಕ್ಕೇ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆಯುತ್ತಾರೆ, ಅಂಚು ಶುದ್ಧವಾಗಿದೆಯಾ ಎಂದು ಮತ್ತೆ ಪರೀಕ್ಷೆ ಮಾಡುತ್ತಾರೆ. ಸೊಂಟದ ಜಾಗಕ್ಕೆ ಒಂದು ವಿಶೇಷವಿದೆ. ಹೊಕ್ಕುಳಿನ ಮಟ್ಟಕ್ಕಿಂತ ಮೇಲಿನ ಚರ್ಮದ ಲಿಂಫ್ ಅನ್ನುವ ತಿಳಿ ದ್ರವ ಕಂಕುಳಿಗೆ ಹರಿಯುತ್ತದೆ, ಕೆಳಗಿನದು ತೊಡೆಸಂದಿಗೆ. ಲಾಡಿಯ ಜಾಗ ಸರಿಯಾಗಿ ಆ ಗಡಿಯಲ್ಲಿದೆ. ಹಾಗಾಗಿ ವೈದ್ಯರು ಎಡ ಕಂಕುಳು, ಎಡ ತೊಡೆಸಂದು ಎರಡನ್ನೂ ಮುಟ್ಟಿ ನೋಡಲಿ, ಬೇಕಿದ್ದರೆ ಅಲ್ಟ್ರಾಸೌಂಡ್ ಮಾಡಲಿ. ಪೆಟ್‌ನಲ್ಲಿ ಆ ಗ್ರಂಥಿಗಳು ಹೊಳೆದಿಲ್ಲ ಅನ್ನುವುದು ಸಮಾಧಾನದ ವಿಷಯ. ಆದರೆ ಐದು ಮಿಲಿಮೀಟರಿಗಿಂತ ಸಣ್ಣದನ್ನು ಈ ಮಷೀನು ನೆಚ್ಚಿಕೊಳ್ಳುವ ಹಾಗೆ ತೋರಿಸುವುದಿಲ್ಲ.

ಆಪರೇಷನ್‌ಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ನಿಮ್ಹಾನ್ಸ್ ಪಕ್ಕ. ಅಮ್ಮನ ಮೊದಲ ಚಿಕಿತ್ಸೆ ಎಲ್ಲಿ ಆಗಿತ್ತೋ ಅಲ್ಲಿಗೆ ಹೋದರೂ ಸರಿ, ಹಳೇ ಫೈಲು ಅಲ್ಲಿರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ, ಬಿಲ್ ಆದ ಮೇಲಲ್ಲ.

ಫ್ಲೋರೈಡ್ ವಿಷಯ. ಪಾವಗಡದವರು ಇದನ್ನು ಕೇಳದೆ ಇನ್ಯಾರು ಕೇಳಬೇಕು? ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುವುದು ನಮ್ಮ ದೇಶದ ಮಾನದಂಡ. ಪಾವಗಡದ, ಕೋಲಾರದ, ಚಿಕ್ಕಬಳ್ಳಾಪುರದ ಎಷ್ಟೋ ಕೊಳವೆಬಾವಿಗಳು ಅದನ್ನು ದಾಟಿವೆ. ಅದು ಹಲ್ಲು ಕೆಡಿಸುತ್ತದೆ, ಮೂಳೆ ಕೆಡಿಸುತ್ತದೆ. ಚರ್ಮದ ಕ್ಯಾನ್ಸರ್ ತರುವುದಿಲ್ಲ. ನೀರಿನಿಂದ ಚರ್ಮದ ಕ್ಯಾನ್ಸರ್ ತರುವುದು ಆರ್ಸೆನಿಕ್, ಬಂಗಾಳದ ಕಡೆ ಆಗಿರುವುದು ಅದು. ಆದರೆ ಅಮ್ಮನ ಬೆನ್ನುನೋವಿಗೆ ಫ್ಲೋರೈಡ್ ಕಾರಣ ಇರಬಹುದು. ಬೆನ್ನು, ಕುತ್ತಿಗೆ ಬಿಗಿದುಕೊಂಡಿದ್ದರೆ ಒಂದು ಎಕ್ಸ್-ರೇ ತೆಗೆಸಿ, ನೀವು ಪಾವಗಡದವರು ಎಂದು ಮೂಳೆ ವೈದ್ಯರಿಗೆ ಹೇಳಿ. ಫ್ಲೋರೈಡ್ ತಿಂದ ಮೂಳೆ ಇನ್ನೊಂದು ಬಗೆಯ ಸ್ಕ್ಯಾನ್‌ನಲ್ಲಿ, ಟೆಕ್ನೀಷಿಯಮ್ ಅನ್ನುವ ವಿಕಿರಣ ವಸ್ತು ಕೊಟ್ಟು ಮಾಡುವ ಬೋನ್ ಸ್ಕ್ಯಾನ್‌ನಲ್ಲಿ, ಮೈತುಂಬ ಹೊಳೆಯಬಹುದು. ನೋಡಿದವರಿಗೆ ಎಲ್ಲ ಮೂಳೆಗೂ ಕ್ಯಾನ್ಸರ್ ಹರಡಿದೆಯೇನೋ ಅನ್ನಿಸುವಷ್ಟು. ಊರು ಯಾವುದು ಎಂದು ಕೇಳಿದರೆ ಆ ತಪ್ಪು ಆಗುವುದಿಲ್ಲ. ಇಂಜೆಕ್ಷನ್ನಿನ ಫ್ಲೋರಿನ್ ಬಗ್ಗೆಯೂ ಯೋಚನೆ ಬೇಡ. ಅದು ತೂಗಲೂ ಆಗದಷ್ಟು ಕಡಿಮೆ.

ನಿಮ್ಮ ಮಗ ಕ್ಷೇಮವಾಗಿದ್ದಾನೆ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧದಷ್ಟು ಕರಗುತ್ತದೆ. ಬೆಳಿಗ್ಗೆ 10ಕ್ಕೆ ಇಂಜೆಕ್ಷನ್ ಆಗಿದ್ದರೆ ರಾತ್ರಿ 8ರ ಹೊತ್ತಿಗೆ ನೂರರಲ್ಲಿ ಎರಡು ಮೂರು ಪಾಲಷ್ಟೇ ಉಳಿದಿರುತ್ತದೆ. ಮೂತ್ರದಲ್ಲಿ ಹೋಗಿದ್ದು ಬೇರೆ. ಚಿಕ್ಕ ಮಕ್ಕಳನ್ನು, ಬಸುರಿಯರನ್ನು ಆ ದಿನ ಕೆಲವು ಗಂಟೆ ದೂರ ಇಡಿ ಎಂದು ನಾವು ಹೇಳುವುದು ಎಚ್ಚರಿಕೆಗೆ. ಬೆಂಗಳೂರಿಂದ ಪಾವಗಡಕ್ಕೆ ಬರುವ ಹೊತ್ತಿಗೇ ಬಹುಪಾಲು ಕರಗಿರುತ್ತದೆ. ಸಂಜೆ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡಿದ್ದರಿಂದ ತೊಂದರೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು ಈ ಪತ್ರ ಓದುವ ಎಲ್ಲರಿಗೂ. ಪೆಟ್ ಸ್ಕ್ಯಾನ್ ಆಗಿದೆ, ಮೈಯಲ್ಲಿ ಎಲ್ಲೂ ಏನೂ ಇಲ್ಲ ಅಂತ ಚರ್ಮದ ವಿಷಯದಲ್ಲಿ ನಂಬಿ ಕೂರಬೇಡಿ. ಸಾಮಾನ್ಯವಾಗಿ ತಲೆಬುರುಡೆಯ ಬುಡದಿಂದ ತೊಡೆಯ ನಡುವಿನವರೆಗೆ ಮಾತ್ರ ತೆಗೆಯುತ್ತೇವೆ. ಪಾದ ಅದರಲ್ಲಿ ಬರುವುದೇ ಇಲ್ಲ. ನಮ್ಮ ಜನರಲ್ಲಿ ಮೆಲನೋಮ ಅನ್ನುವ ಕಪ್ಪು ಕ್ಯಾನ್ಸರ್ ಹೆಚ್ಚಾಗಿ ಬರುವುದು ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ಅಂಗಾಲಲ್ಲಿ ಕಪ್ಪು ಮಚ್ಚೆ ದೊಡ್ಡದಾಗುತ್ತಿದ್ದರೆ ಅದನ್ನು ಮುಳ್ಳು, ಆಣಿ ಎಂದು ಬ್ಲೇಡಲ್ಲಿ ಕೆತ್ತಬೇಡಿ. ತೆಳ್ಳಗಿರುವ ಚರ್ಮದ ಕ್ಯಾನ್ಸರನ್ನು ಪಾದ ಸೇರಿಸಿ ಸ್ಕ್ಯಾನ್ ಮಾಡಿದರೂ ಮಷೀನು ಹಿಡಿಯಲಾರದು. ಕಣ್ಣು ಹಿಡಿಯುತ್ತದೆ.

ಅಮ್ಮನನ್ನು ಯಾಕೆ ಮುಚ್ಚಿಟ್ಟೆ ಅಂತ ಬೈಯಬೇಡಿ. ನಾಲ್ಕು ವರ್ಷ ಚೆಕಪ್‌ಗೆ ಹೋದರಲ್ಲ, ಪ್ರತಿ ಸಲ ಎದೆ ನೋಡಿದರು, ಕಂಕುಳು ನೋಡಿದರು. ಲಂಗ ಸಡಿಲ ಮಾಡಿ ಸೊಂಟ ತೋರಿಸಮ್ಮ ಎಂದು ಯಾರಾದರೂ ಕೇಳಿದರಾ? ಕೇಳದೆ ಅವರು ಹೇಗೆ ಹೇಳಿಯಾರು? ಒಂದು ದೊಡ್ಡ ಕಾಯಿಲೆಗೆ ಮನೆಯವರಿಂದ ಖರ್ಚು ಮಾಡಿಸಿದವರಿಗೆ ಇನ್ನೊಂದು ಗಾಯ ತೋರಿಸಲು ಸಂಕೋಚ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದಾರೆ. ವೈದ್ಯರ ಹತ್ತಿರ ನೀವೇ ಜೊತೆಗೆ ಒಳಗೆ ಹೋಗಿ. ಲೇಡಿ ಡಾಕ್ಟರ್ ಬೇಕು ಅಂದರೆ ಕೇಳಿ ಪಡೆಯಿರಿ, ಅದರಲ್ಲಿ ನಾಚಿಕೆ ಪಡುವುದೇನಿಲ್ಲ.

ಇವತ್ತಿಂದಲೇ ಆ ಲಾಡಿ ಬಿಡಿಸಿ. ಬಯಾಪ್ಸಿಯ ಹೊಲಿಗೆ ಬಿಚ್ಚಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಸಕ್ಕರೆ ಕಾಯಿಲೆ ಇರುವುದರಿಂದ ಇನ್ನೆರಡು ದಿನ ಜಾಸ್ತಿಯೂ ಆಗಬಹುದು. ಅಲ್ಲಿವರೆಗೆ ನೈಟಿ ಹಾಕಲಿ. ಸೀರೆಯೇ ಬೇಕು ಅಂದರೆ ಆಮೇಲೆ ಲಂಗಕ್ಕೆ ದಾರದ ಬದಲು ನಾಲ್ಕು ಬೆರಳಗಲದ ಬಟ್ಟೆಪಟ್ಟಿ ಹೊಲಿಸಿ, ಸಡಿಲವಾಗಿ, ದಿನಾ ಒಂದೇ ಜಾಗಕ್ಕೆ ಬೀಳದ ಹಾಗೆ ಸ್ವಲ್ಪ ಮೇಲೆ ಕೆಳಗೆ ಕಟ್ಟಿಕೊಳ್ಳಲಿ. ಸಂಚಿಯನ್ನು ಚೀಲದಲ್ಲಿ ಇಟ್ಟುಕೊಳ್ಳಲಿ. ನಿಮ್ಮ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರ ಸೊಂಟವನ್ನೂ ಒಂದು ಸಲ ನೋಡಿ. ಬಯಾಪ್ಸಿ ವರದಿ ಬಂದ ಮೇಲೆ ಅದರಲ್ಲಿ ಏನು ಬರೆದಿದೆ ಎಂದು ನನಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.